ಪ್ಯಾರಾಮೋಟರ್ ಎಂಜಿನ್ನಿನ ಥ್ರಸ್ಟ್ ಹೆಚ್ಚಿಸಲು ಪೋರ್ಟ್ ಉಜ್ಜುವುದು, ಹೆಡ್ ತೆಳುಗೊಳಿಸುವುದು ಸರಿಯೇ?

ಬಯಲುಹಕ್ಕಿ, ಹಾಸನ

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳ ಹಿಂದೆ 185 ಸಿಸಿ ವರ್ಗದ, ಗಾಳಿಯಿಂದಲೇ ತಣಿಯುವ ಎರಡು ಸ್ಟ್ರೋಕ್ ಎಂಜಿನ್ ಇರುವ ಪ್ಯಾರಾಮೋಟರೊಂದನ್ನು (ಬೆನ್ನಿಗೆ ಕಟ್ಟಿಕೊಂಡು, ಬಟ್ಟೆಯ ರೆಕ್ಕೆಯ ಕೆಳಗೆ ಹಾರುವ ಯಂತ್ರ) ಸೆಕೆಂಡ್ ಹ್ಯಾಂಡ್ ಕೊಂಡೆ. 125 ಸೆಂಟಿಮೀಟರ್ ಪ್ರೊಪೆಲ್ಲರಿಗೆ 75 ಕಿಲೊ ಥ್ರಸ್ಟ್, ಅಂದರೆ ಮುಂದಕ್ಕೆ ದೂಡುವ ಬಲ, ಬರುತ್ತದೆ ಎಂದು ಮಾರಿದವರು ಹೇಳಿದ್ದರು. ನಾನು, ಯಂತ್ರ, ರೆಕ್ಕೆ, ಇಂಧನ ಎಲ್ಲ ಸೇರಿ 120 ಕಿಲೊ ಆಗುತ್ತೇವೆ. ಚಳಿಗಾಲದ ಬೆಳಗಿನಲ್ಲಿ ತೊಂದರೆಯಿಲ್ಲ. ಆದರೆ ಮಾರ್ಚ್ ಬಂದ ಮೇಲೆ, ಗಾಳಿ ನಿಂತಿರುವ ದಿನಗಳಲ್ಲಿ, ಓಡಿ ಓಡಿ ಹೊಲದ ಬದು ಹತ್ತಿರ ಬಂದರೂ ಕಾಲು ನೆಲ ಬಿಡುವುದಿಲ್ಲ, ಬಿಟ್ಟರೂ ಏರುವುದು ನಿಧಾನ.

ಲೇತ್ ಇಟ್ಟುಕೊಂಡಿರುವ ನನ್ನ ಸ್ನೇಹಿತರೊಬ್ಬರು ಸಿಲಿಂಡರ್ ಹೆಡ್ಡಿನಿಂದ 0.3 ಮಿಲಿಮೀಟರ್ ಕೆತ್ತಿ, ಸುಟ್ಟ ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು ಒಂದು ಮಿಲಿಮೀಟರ್ ಎತ್ತರಿಸಿ, ಒಳಗೆಲ್ಲ ನುಣುಪು ಮಾಡಿಕೊಡುವುದಾಗಿ ಹೇಳುತ್ತಿದ್ದಾರೆ. ಬಿಚ್ಚುವ ಮೊದಲು ಅನುಭವಸ್ಥರ ಅಭಿಪ್ರಾಯ ಕೇಳೋಣವೆಂದು ಬರೆಯುತ್ತಿದ್ದೇನೆ.

ಹಳೇ ಯೆಜ್ಡಿ, ಮೈಸೂರು

ಧೈರ್ಯವಾಗಿ ಮಾಡಿಸಿ ಸ್ವಾಮಿ. ನಮ್ಮೂರಿನಲ್ಲಿ 1996ರವರೆಗೆ ಯೆಜ್ಡಿ ತಯಾರಾಗುತ್ತಿತ್ತು, ಆ ಕಾಲದಿಂದಲೂ ಎರಡು ಸ್ಟ್ರೋಕಿನ ಪೋರ್ಟ್ ಉಜ್ಜುವವರ ಒಂದು ಪೀಳಿಗೆಯೇ ಇಲ್ಲಿದೆ. ಆರ್‌ಎಕ್ಸ್ 100 ಬೈಕಿನ ಎಕ್ಸಾಸ್ಟ್ ಪೋರ್ಟನ್ನು ನಾನೇ ಎತ್ತರಿಸಿ, ಹೆಡ್ಡು ಕೆತ್ತಿಸಿ ಓಡಿಸಿದ್ದೇನೆ. ಮೊದಲಿಗೂ ಆಮೇಲಿಗೂ ಅಜಗಜಾಂತರವಿತ್ತು. ಎರಡು ಸ್ಟ್ರೋಕ್ ಎಂಜಿನ್ ಬೈಕಿನ ಮೇಲಿದ್ದರೇನು, ಬೆನ್ನಿನ ಮೇಲಿದ್ದರೇನು, ಅದರ ಧರ್ಮ ಒಂದೇ.

ಎರಡು ಸ್ಟ್ರೋಕ್ ಮೇಷ್ಟ್ರು, ತುಮಕೂರು

ಹಳೇ ಯೆಜ್ಡಿಯವರ ಕೈಗುಣದ ಮೇಲೆ ನನಗೆ ಗೌರವವಿದೆ. ಆದರೆ ಅವರ ಕೊನೆಯ ವಾಕ್ಯವನ್ನು ಒಪ್ಪಲಾರೆ. ಬೈಕಿಗೆ ಗೇರ್ ಬಾಕ್ಸ್ ಇದೆ, ಪ್ಯಾರಾಮೋಟರಿಗಿಲ್ಲ. ಎಲ್ಲ ವ್ಯತ್ಯಾಸವೂ ಅಲ್ಲೇ ಹುಟ್ಟುತ್ತದೆ.

ಎಕ್ಸಾಸ್ಟ್ ಪೋರ್ಟನ್ನು ಎತ್ತರಿಸಿದಾಗ ಅದು ಬೇಗ ತೆರೆದು ತಡವಾಗಿ ಮುಚ್ಚುತ್ತದೆ. ಹಾಗಾದಾಗ ಎಂಜಿನ್ನಿನ ಗರಿಷ್ಠ ಶಕ್ತಿ ಹೆಚ್ಚಿನ ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತು) ಕಡೆಗೆ ಸರಿಯುತ್ತದೆ, ಕೆಳಗಿನ ಆರ್‌ಪಿಎಂನ ಎಳೆತ ಕಡಿಮೆಯಾಗುತ್ತದೆ. ಬೈಕ್ ಸವಾರ ಗೇರ್ ಇಳಿಸಿ ಆ ಹೊಸ ಶಿಖರದ ಬಳಿಯೇ ಎಂಜಿನ್ನನ್ನು ಇಟ್ಟುಕೊಳ್ಳುತ್ತಾನೆ. ನಮ್ಮಲ್ಲಿ ಎಂಜಿನ್ನಿನ ವೇಗವನ್ನು ಪ್ರೊಪೆಲ್ಲರಿಗೆ ಇಳಿಸಿಕೊಡುವ ಒಂದೇ ರಿಡಕ್ಷನ್ ಅನುಪಾತ, ಒಂದೇ ಪ್ರೊಪೆಲ್ಲರ್. ಪ್ರೊಪೆಲ್ಲರ್ ಕೇಳುವ ಶಕ್ತಿ ಆರ್‌ಪಿಎಂನ ಘನಕ್ಕೆ ಅನುಗುಣವಾಗಿ ಏರುವುದರಿಂದ, ಶೇ 10ರಷ್ಟು ವೇಗವಾಗಿ ತಿರುಗಿಸಬೇಕಾದರೆ ಶೇ 33ರಷ್ಟು ಹೆಚ್ಚು ಶಕ್ತಿ ಬೇಕು. ನಿಮ್ಮ ಎಂಜಿನ್ನಿನ ಶಿಖರವನ್ನು 7,800ರಿಂದ 8,800ಕ್ಕೆ ಒಯ್ದಿರಿ ಎನ್ನೋಣ. ಇದ್ದ ಪ್ರೊಪೆಲ್ಲರ್ ಅದನ್ನು 7,600ರ ಆಸುಪಾಸಿನಲ್ಲೇ ಹಿಡಿದು ನಿಲ್ಲಿಸುತ್ತದೆ, ಅಲ್ಲಿ ನಿಮಗೆ ಮೊದಲಿಗಿಂತ ಕಡಿಮೆ ಶಕ್ತಿ ಸಿಗುತ್ತದೆ. ಪೋರ್ಟ್ ಉಜ್ಜಿ ಥ್ರಸ್ಟ್ ಕಳೆದುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಾಪ, ಅವರ ಎಂಜಿನ್ನಿನ ಸದ್ದು ಮಾತ್ರ ಮೊದಲಿಗಿಂತ ಚೆನ್ನಾಗಿತ್ತು.

ಇನ್ನೊಂದು ವಿಷಯ. ಯೆಜ್ಡಿಯದು ಬೀಡುಕಬ್ಬಿಣದ ಬೋರ್, ತಪ್ಪಾದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಇಂದಿನ ಹೆಚ್ಚಿನ ಪ್ಯಾರಾಮೋಟರ್ ಎಂಜಿನ್ನುಗಳ ಸಿಲಿಂಡರ್ ಅಲ್ಯುಮಿನಿಯಂನದು, ಒಳಗೋಡೆಗೆ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ತೆಳುವಾದ ಲೇಪನವಿರುತ್ತದೆ. ಗ್ರೈಂಡರ್ ತಾಗಿದ ಅಂಚಿನಲ್ಲಿ ಆ ಲೇಪನ ಚಕ್ಕೆ ಎದ್ದರೆ ಮುಂದೆ ಪಿಸ್ಟನ್ ರಿಂಗ್ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಇಡೀ ಸಿಲಿಂಡರನ್ನೇ ಬದಲಿಸಬೇಕಾಗುತ್ತದೆ.

ತಯಾರಕರಿಗೆ ಪೋರ್ಟ್ ಎತ್ತರಿಸಲು ಗೊತ್ತಿರಲಿಲ್ಲವೆಂದು ಭಾವಿಸುವುದು ಬೇಡ. ಪೂರ್ವ ಜರ್ಮನಿಯ ಎಂಝೆಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಅವರು 1961ರ ಹೊತ್ತಿಗೇ 125 ಸಿಸಿಯ ರೇಸ್ ಎಂಜಿನ್ನಿನಿಂದ 25 ಅಶ್ವಶಕ್ತಿ ತೆಗೆದಿದ್ದರು, ಅಂದರೆ ಲೀಟರಿಗೆ 200. ಅರವತ್ತು ವರ್ಷಗಳ ನಂತರವೂ ಇಟಲಿಯ ವಿಟ್ಟೊರಾಝಿ ಮೋಸ್ಟರ್ 185ರಂಥ ಎಂಜಿನ್ ಅದೇ 25 ಅಶ್ವಶಕ್ತಿಗೆ ನಿಂತಿದೆ. ಸಿಸಿ ಒಂದೂವರೆ ಪಟ್ಟು, ಶಕ್ತಿ ಅಷ್ಟೇ. ಉಳಿದದ್ದನ್ನು ಅವರು ಬೇಕೆಂದೇ ಬಿಟ್ಟಿದ್ದಾರೆ, ಏಕೆಂದರೆ ಈ ಎಂಜಿನ್ ಟೇಕ್ ಆಫ್ ಮತ್ತು ಏರಿಕೆಯಲ್ಲಿ ನಿಮಿಷಗಟ್ಟಲೆ ಪೂರ್ತಿ ಥ್ರಾಟಲಿನಲ್ಲಿ ಓಡಬೇಕು, ಅದೂ ನೀರಿನ ತಂಪಿಲ್ಲದೆ.

ರೆಕ್ಕೆಲೆಕ್ಕ, ಬೆಂಗಳೂರು

ಮೇಷ್ಟ್ರ ಮಾತಿಗೆ ಪೂರಕವಾಗಿ ಒಂದು ಲೆಕ್ಕ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಅಲ್ಲಿ 30 ಡಿಗ್ರಿ ಬಿಸಿಲಿದ್ದಾಗ ಗಾಳಿಯ ಸಾಂದ್ರತೆ ಘನಮೀಟರಿಗೆ 1.04 ಕಿಲೊ. ತಯಾರಕರ ಅಂಕಿಗಳು ಸಾಮಾನ್ಯವಾಗಿ ಸಮುದ್ರಮಟ್ಟದ 15 ಡಿಗ್ರಿಯ ಗಾಳಿಗೆ ಸೇರಿದವು. ಅದರ ಸಾಂದ್ರತೆ 1.225. ಅಂದರೆ ನಿಮ್ಮ ಹೊಲದ ಗಾಳಿ ಶೇ 15ರಷ್ಟು ತೆಳು. ಎಂಜಿನ್ ಎಷ್ಟೇ ಆರೋಗ್ಯವಾಗಿದ್ದರೂ 75 ಕಿಲೊ ಅಲ್ಲಿ 64ರ ಹತ್ತಿರಕ್ಕೆ ಇಳಿಯುತ್ತದೆ.

ಇದರಲ್ಲಿ ಒಂದು ಸ್ವಾರಸ್ಯವಿದೆ. ಗಾಳಿ ತೆಳುವಾದಾಗ ಎಂಜಿನ್ನಿನ ಶಕ್ತಿ ಎಷ್ಟು ಇಳಿಯುತ್ತದೆಯೋ ಪ್ರೊಪೆಲ್ಲರಿನ ಹೊರೆಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುವುದರಿಂದ, ಗರಿಷ್ಠ ಆರ್‌ಪಿಎಂ ಎರಡೂ ಕಡೆ ಒಂದೇ ಇರುತ್ತದೆ. ಆದ್ದರಿಂದ ಟ್ಯಾಕೊಮೀಟರ್ ನೋಡಿ ಗಾಳಿಯ ಕೊರತೆಯನ್ನು ಹಿಡಿಯಲಾಗುವುದಿಲ್ಲ, ತಕ್ಕಡಿಯೇ ಬೇಕು. ನಿಮ್ಮ ಆರ್‌ಪಿಎಂ ಕಡಿಮೆಯಿದ್ದರೆ ಮಾತ್ರ ದೋಷ ಎಂಜಿನ್ನಿನಲ್ಲಿದೆ ಎಂದರ್ಥ. ಬಯಲುಹಕ್ಕಿಯವರೇ, ನೀವು ಇದುವರೆಗೆ ಥ್ರಸ್ಟನ್ನು ಅಳೆದಿದ್ದೀರಾ?

ಬಯಲುಹಕ್ಕಿ, ಹಾಸನ

ಅಳೆದಿರಲಿಲ್ಲ, ಈ ಪ್ರಶ್ನೆ ಕೇಳಿದ ಮೇಲೆ ನಾಚಿಕೆಯಾಗಿ ಅಳೆದೆ. ಚಕ್ರವಿರುವ ಮರದ ಚೌಕಟ್ಟೊಂದಕ್ಕೆ ಯಂತ್ರವನ್ನು ಬೋಲ್ಟ್ ಮಾಡಿ, ಮುಂದೆ ಓಡದಂತೆ ಹಿಂದಿನಿಂದ ಹಗ್ಗದಲ್ಲಿ ಹುಣಸೆಮರಕ್ಕೆ ಬಿಗಿದು, ಹಗ್ಗದ ನಡುವೆ ಮೂಟೆ ತೂಗುವ ಡಿಜಿಟಲ್ ತಕ್ಕಡಿಯನ್ನು ಸಿಕ್ಕಿಸಿದೆ. ಹಗ್ಗವನ್ನು ಪ್ರೊಪೆಲ್ಲರಿನ ಎರಡೂ ಬದಿಯಿಂದ ಕವಲಾಗಿ ಸಾಕಷ್ಟು ದೂರದಲ್ಲಿ ಹಾಯಿಸಿದ್ದೆ. ಗಾಳಿಯಿಲ್ಲದ ಬೆಳಗು, 29 ಡಿಗ್ರಿ, ಮೂರು ಸಲ ಪೂರ್ತಿ ಥ್ರಾಟಲ್. ಮೂರು ಸಲವೂ 57ರಿಂದ 58 ಕಿಲೊ ಬಂತು. ಆರ್‌ಪಿಎಂ 7,400. ತಯಾರಕರ ಕೈಪಿಡಿ ಇದೇ ಪ್ರೊಪೆಲ್ಲರಿಗೆ ಇದಕ್ಕಿಂತ ಹೆಚ್ಚು ಆರ್‌ಪಿಎಂ ಬರಬೇಕೆಂದು ಹೇಳುತ್ತದೆ. ಹಾಗಾದರೆ ದೋಷ ಗಾಳಿಯದು ಮಾತ್ರವಲ್ಲ.

ಹಳೇ ಯೆಜ್ಡಿ, ಮೈಸೂರು

ಪೋರ್ಟಿನ ವಿಷಯದಲ್ಲಿ ಮೇಷ್ಟ್ರಿಗೆ ಶರಣಾಗುತ್ತೇನೆ. ಗೇರ್ ಬಾಕ್ಸಿನ ಮಾತು ನನಗೆ ಹೊಳೆದಿರಲಿಲ್ಲ. ಆದರೆ ಹೆಡ್ಡಿನ ವಿಷಯದಲ್ಲಿ ಸುಮ್ಮನಿರಲಾರೆ. ಗಾಳಿ ಶೇ 15ರಷ್ಟು ತೆಳುವಾದರೆ ಸಿಲಿಂಡರಿನೊಳಗಿನ ಒತ್ತಡವೂ ಅಷ್ಟು ಕಡಿಮೆಯಾಗಿರುತ್ತದೆ. ಸಮುದ್ರಮಟ್ಟದಲ್ಲಿ ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿಯುವುದು) ಆಗದಂತೆ ತಯಾರಕರು ಇಟ್ಟ ಅಂತರ ಹಾಸನದಲ್ಲಿ ಇನ್ನಷ್ಟು ದೊಡ್ಡದಾಗುತ್ತದೆಯಲ್ಲವೇ? ಆ ಅಂತರವನ್ನು 0.3 ಮಿಲಿಮೀಟರಿನಷ್ಟು ಬಳಸಿಕೊಂಡರೆ ತಪ್ಪೇನು?

ರೆಕ್ಕೆಲೆಕ್ಕ, ಬೆಂಗಳೂರು

ತರ್ಕ ಸರಿಯಾಗಿದೆ, ಲಾಭ ಚಿಕ್ಕದು. ಹೆಡ್ಡು ಕೆತ್ತಿದರೆ ಏರುವುದು ಕಂಪ್ರೆಷನ್ ಅನುಪಾತ, ಅಂದರೆ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಎಂಬುದು. ಅದನ್ನು 10ರಿಂದ 11ಕ್ಕೆ ಏರಿಸಿದರೆ ಸಿದ್ಧಾಂತದ ಪ್ರಕಾರ ಶಕ್ತಿ ಶೇ 3ರೊಳಗೆ ಹೆಚ್ಚುತ್ತದೆ. ಥ್ರಸ್ಟ್ ಶಕ್ತಿಯ ಮೂರನೇ ಎರಡರ ಘಾತದಲ್ಲಿ ಏರುವುದರಿಂದ ಅದು ಶೇ 2ಕ್ಕೆ ಇಳಿಯುತ್ತದೆ. 58 ಕಿಲೊದಲ್ಲಿ ಒಂದು ಕಿಲೊ ಚಿಲ್ಲರೆ. ಅಷ್ಟಕ್ಕಾಗಿ ಆ ಹೆಡ್ಡಿನ ಯಂತ್ರವನ್ನು ಮುಂದೆಂದೂ ಕಡಲ ಮಟ್ಟಕ್ಕೆ ಒಯ್ಯುವಂತಿಲ್ಲ ಎಂಬ ಷರತ್ತಿಗೆ ಒಪ್ಪಬೇಕಾಗುತ್ತದೆ.

ಕಡಲತೀರ, ಕುಂದಾಪುರ

ಕಡಲ ಮಟ್ಟದ ಮಾತು ಬಂದಿದ್ದರಿಂದ ನನ್ನ ಕಥೆಯನ್ನು ಹೇಳಲೇಬೇಕು. ಘಟ್ಟದ ಮೇಲಿನ ಊರೊಂದರಲ್ಲಿ ನಾಲ್ಕು ವರ್ಷ ಹಾರಿದ್ದ ಯಂತ್ರವನ್ನು ನಾನು ಕೊಂಡು ತಂದೆ. ಕಾರ್ಬೊರೇಟರ್ ಚೆನ್ನಾಗಿ ಟ್ಯೂನ್ ಆಗಿದೆ, ಮುಟ್ಟಬೇಡಿ ಎಂದು ಹೇಳಿಯೇ ಕೊಟ್ಟಿದ್ದರು, ನಾನೂ ಮುಟ್ಟಲಿಲ್ಲ. ಮರವಂತೆಯ ಮರಳಿನ ಮೇಲೆ ಮೊದಲ ಟೇಕ್ ಆಫ್ ಅದ್ಭುತವಾಗಿತ್ತು. ಇಷ್ಟು ಚುರುಕಾದ ಯಂತ್ರವನ್ನು ನಾನು ನೋಡಿಯೇ ಇರಲಿಲ್ಲ. ನಾಲ್ಕನೆಯ ನಿಮಿಷದಲ್ಲಿ, ಸುಮಾರು 60 ಮೀಟರ್ ಎತ್ತರದಲ್ಲಿ, ಸದ್ದು ತುಸು ತೀಕ್ಷ್ಣವಾದಂತೆ ಕೇಳಿತು, ಒಡನೆಯೇ ಎಂಜಿನ್ ಹಿಡಿದುಕೊಂಡು ನಿಂತಿತು. ನೀರಿನ ಮೇಲೆ ಹೋಗದೆ ತೀರದ ಗುಂಟವೇ ಹಾರುತ್ತಿದ್ದುದರಿಂದ ಮರಳಿನ ಮೇಲೆ ಇಳಿದೆ. ಬಿಚ್ಚಿ ನೋಡಿದರೆ ಪಿಸ್ಟನ್ನಿನ ಎಕ್ಸಾಸ್ಟ್ ಬದಿಯಲ್ಲಿ ಉದ್ದುದ್ದ ಗೀರುಗಳು, ರಿಂಗ್ ಅಲ್ಲಿಯೇ ಅಂಟಿಕೊಂಡಿತ್ತು.

ಇದು ಸೂಜಿಯ, ಅಂದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲಿನ ಪ್ರಮಾಣ ಹೊಂದಿಸುವ ತಿರುಪಿನ, ತಪ್ಪು ಎಂದು ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು. ಘಟ್ಟದ ಮೇಲಿನ ತೆಳುಗಾಳಿಗೆ ಹೊಂದಿಸಿದ ಕಾರ್ಬೊರೇಟರ್ ಕೆಳಗೆ ಬಂದಾಗ ಗಾಳಿಯನ್ನು ಹೆಚ್ಚು ಎಳೆಯುತ್ತದೆ, ಪೆಟ್ರೋಲನ್ನು ಅಷ್ಟೇ ಪ್ರಮಾಣದಲ್ಲಿ ಹೆಚ್ಚಿಸಿಕೊಡುವುದಿಲ್ಲ. ಮಿಶ್ರಣ ಲೀನ್ ಆಗುತ್ತದೆ, ಅಂದರೆ ಅದರಲ್ಲಿ ಪೆಟ್ರೋಲ್ ಕೊರತೆಯಾಗುತ್ತದೆ, ಪಿಸ್ಟನ್ ಕಾಯುತ್ತದೆ. ಪೆಟ್ರೋಲಿನ ಜೊತೆಗೇ ಎಣ್ಣೆಯೂ ಬರಬೇಕಾದ್ದರಿಂದ ನುಣುಪೂ ಕಡಿಮೆಯಾಗುತ್ತದೆ. ಲೀನ್ ಆದ ಎಂಜಿನ್ ಸಾಯುವ ಮೊದಲು ಬಹಳ ಚೆನ್ನಾಗಿ ಓಡುತ್ತದೆ ಎಂಬುದೇ ಮೋಸ.

ರೆಕ್ಕೆಲೆಕ್ಕ, ಬೆಂಗಳೂರು

ಕಡಲತೀರದವರ ಅನುಭವಕ್ಕೆ ಅಂಕಿ ಕೊಡಬಹುದು. 30 ಡಿಗ್ರಿಯಲ್ಲಿ ಕರಾವಳಿಯ ಗಾಳಿ ಹಾಸನದ ಗಾಳಿಗಿಂತ ಶೇ 12ರಷ್ಟು ದಟ್ಟ. ಕಾರ್ಬೊರೇಟರಿನಲ್ಲಿ ಗಾಳಿ ಮತ್ತು ಇಂಧನದ ಅನುಪಾತ ಸಾಂದ್ರತೆಯ ವರ್ಗಮೂಲದಂತೆ ಬದಲಾಗುವುದರಿಂದ ಮಿಶ್ರಣ ಸುಮಾರು ಶೇ 6ರಷ್ಟು ಲೀನ್ ಆಗುತ್ತದೆ. ಇದರ ಮೇಲೆ ಎಥನಾಲ್ ಕೂಡ ಇದೆ. ನಮ್ಮ ಬಂಕುಗಳಲ್ಲಿ 2025ರ ಹೊತ್ತಿಗೆ ಶೇ 20 ಎಥನಾಲ್ ಇರುವ ಪೆಟ್ರೋಲ್ ಸಾಮಾನ್ಯವಾಯಿತು. ಶೇ 10 ಎಥನಾಲಿನ ಕಾಲದಲ್ಲಿ ಹೊಂದಿಸಿ ಬಿಟ್ಟ ಸೂಜಿ ಇಂದಿನ ಪೆಟ್ರೋಲಿಗೆ ಇನ್ನೂ ಶೇ 4ರಷ್ಟು ಲೀನ್. ಎರಡೂ ಕೂಡಿದರೆ ಪಿಸ್ಟನ್ ಹಿಡಿಯಲು ಬೇರೆ ಕಾರಣ ಹುಡುಕಬೇಕಾಗಿಲ್ಲ.

ಎರಡು ಸ್ಟ್ರೋಕ್ ಮೇಷ್ಟ್ರು, ತುಮಕೂರು

ಎಥನಾಲ್ ವಿಷಯದಲ್ಲಿ ಇನ್ನೊಂದು ಎಚ್ಚರ. ಮಳೆಗಾಲದಲ್ಲಿ ಅರ್ಧ ತುಂಬಿದ ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲ್ ತೇವವನ್ನು ಹೀರುತ್ತದೆ. ನೀರು ಒಂದು ಮಿತಿ ದಾಟಿದರೆ ಎಥನಾಲ್ ಅದರ ಜೊತೆಗೂಡಿ ತಳಕ್ಕೆ ಇಳಿಯುತ್ತದೆ, ಎರಡು ಸ್ಟ್ರೋಕ್ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಕೊಳವೆ ಹೀರುವುದು ತಳದಿಂದ, ಹಾಗಾಗಿ ಎಂಜಿನ್ನಿಗೆ ಸಿಗುವುದು ಎಣ್ಣೆಯಿಲ್ಲದ ದ್ರವ. ನಾನು ಬೆರೆಸಿದ ಇಂಧನವನ್ನು ಎರಡು ವಾರಕ್ಕಿಂತ ಹೆಚ್ಚು ಇಡುವುದಿಲ್ಲ, ಮಿಕ್ಕಿದ್ದು ಹಳೆಯ ಸ್ಕೂಟರಿಗೆ ಹೋಗುತ್ತದೆ.

ಇನ್ನು ಬಯಲುಹಕ್ಕಿಯವರ ಎಂಜಿನ್. 7,400ರ ಆರ್‌ಪಿಎಂ ಎಂದರೆ ಎಲ್ಲೋ ಶಕ್ತಿ ಸೋರುತ್ತಿದೆ. ಲೇತ್ ಬಿಟ್ಟು ಮೊದಲು ಸೋರಿಕೆ ಪರೀಕ್ಷೆ ಮಾಡಿ. ಎಕ್ಸಾಸ್ಟ್ ಬಾಯಿಯನ್ನೂ ಕಾರ್ಬೊರೇಟರ್ ಕೂರುವ ಬಾಯಿಯನ್ನೂ ರಬ್ಬರ್ ಮತ್ತು ತಗಡಿನಿಂದ ಬಿಗಿಯಾಗಿ ಮುಚ್ಚಿ, ಕ್ರ್ಯಾಂಕ್‌ಕೇಸಿಗೆ ಬಿಪಿ ನೋಡುವ ಉಪಕರಣದಂಥ ಕೈಪಂಪಿನಿಂದ ಅರ್ಧ ಬಾರ್‌ಗಿಂತ ಮೀರದಂತೆ ಗಾಳಿ ತುಂಬಿ, ಐದು ನಿಮಿಷ ಮುಳ್ಳು ಇಳಿಯುತ್ತದೆಯೇ ನೋಡಿ. ಇಳಿದರೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುವ ಜಾಗವನ್ನು ಹುಡುಕಿ. ಹತ್ತರಲ್ಲಿ ಏಳು ಸಲ ಅದು ಕ್ರ್ಯಾಂಕಿನ ಆಯಿಲ್ ಸೀಲ್ ಆಗಿರುತ್ತದೆ ಎಂಬುದು ನನ್ನ ಊಹೆ. ಅಲ್ಲಿಂದ ಕಳ್ಳಗಾಳಿ ಒಳಬಂದರೆ ಕಾರ್ಬೊರೇಟರನ್ನು ಎಷ್ಟು ತಿರುಗಿಸಿದರೂ ಟ್ಯೂನ್ ನಿಲ್ಲುವುದಿಲ್ಲ.

ಆಮೇಲೆ ಎಕ್ಸಾಸ್ಟ್ ಪೋರ್ಟಿನಲ್ಲಿ ಕಟ್ಟಿದ ಕಾರ್ಬನ್ನನ್ನು ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ, ಮಿಶ್ರಣವನ್ನು ಒಳಕ್ಕೆ ಮಾತ್ರ ಬಿಡುವ ರೀಡ್ ವಾಲ್ವಿನ ದಳಗಳು ಬೆಳಕಿಗೆ ಹಿಡಿದಾಗ ಪೂರ್ತಿ ಮುಚ್ಚುತ್ತವೆಯೇ ನೋಡಿ, ವಾಲ್‌ಬ್ರೊ ಮಾದರಿಯ ಕಾರ್ಬೊರೇಟರ್ ಆಗಿದ್ದರೆ ಅದರೊಳಗಿನ ಡಯಾಫ್ರಂ ಎಂಬ ತೆಳುಪೊರೆ ಬದಲಿಸಿ. ಎಥನಾಲ್ ತಾಗಿ ಗಟ್ಟಿಯಾದ ಡಯಾಫ್ರಂ ಕೈಗೆ ಹಳೆಯ ಚರ್ಮದ ಹಾಗೆ ಸಿಗುತ್ತದೆ. ಇಷ್ಟಾದ ಮೇಲಷ್ಟೇ ಸೂಜಿ. ಪೂರ್ತಿ ಥ್ರಾಟಲಿನ ಸೂಜಿಯನ್ನು ಎಡಕ್ಕೆ ತಿರುಗಿಸುತ್ತ, ಎಂಜಿನ್ ನಡುನಡುವೆ ಉರಿ ತಪ್ಪಿಸಿ ಫೋರ್ ಸ್ಟ್ರೋಕಿನಂತೆ ಗೊರಗುಟ್ಟುವವರೆಗೆ ರಿಚ್ ಮಾಡಿ (ಪೆಟ್ರೋಲ್ ಹೆಚ್ಚಿಸಿ), ಅಲ್ಲಿಂದ ಸದ್ದು ತಿಳಿಯಾಗುವವರೆಗೆ ಮಾತ್ರ ಮುಚ್ಚಿ, ಮತ್ತೆ ಎಂಟನೇ ಒಂದು ಸುತ್ತು ರಿಚ್ ಕಡೆಗೆ ಬಿಡಿ. ಪ್ರತಿ ಸಲವೂ ಎಂಜಿನ್ ಆರಿಸಿಯೇ ಸ್ಕ್ರೂಡ್ರೈವರ್ ಹಾಕಿ. ತಿರುಗುವ ಪ್ರೊಪೆಲ್ಲರಿನ ಪಕ್ಕ ಕೈ ಚಾಚಿ ಬೆರಳು ಕಳೆದುಕೊಂಡವರ ಸಂಖ್ಯೆ, ಆಕಾಶದಿಂದ ಬಿದ್ದವರಿಗಿಂತ ಕಡಿಮೆಯಿರಲಾರದು ಎಂದು ನನಗೆ ಅನುಮಾನ.

ಹೊಸಬ, ಶಿವಮೊಗ್ಗ

ನಡುವೆ ಬಂದದ್ದಕ್ಕೆ ಕ್ಷಮಿಸಿ. ಬೇರೆ ಸೈಲೆನ್ಸರ್ ಹಾಕಿದರೆ ಥ್ರಸ್ಟ್ ಹೆಚ್ಚುವುದಿಲ್ಲವೇ?

ಎರಡು ಸ್ಟ್ರೋಕ್ ಮೇಷ್ಟ್ರು, ತುಮಕೂರು

ಎರಡು ಸ್ಟ್ರೋಕಿನಲ್ಲಿ ಸೈಲೆನ್ಸರಿಗೆ ಮೊದಲು ಬರುವ ಹೊಟ್ಟೆಯುಬ್ಬಿದ ಪೈಪು ಎಂಜಿನ್ನಿನ ಒಂದು ಅಂಗವೇ. ಅದರೊಳಗೆ ಮರಳುವ ಒತ್ತಡದ ಅಲೆ ಸರಿಯಾದ ಗಳಿಗೆಯಲ್ಲಿ ಪೋರ್ಟಿಗೆ ಬಂದು, ಹೊರಗೆ ಜಾರಿದ ಹೊಸ ಮಿಶ್ರಣವನ್ನು ಮತ್ತೆ ಒಳಗೆ ದೂಡುತ್ತದೆ. ಪೈಪಿನ ಉದ್ದ ಒಂದು ನಿರ್ದಿಷ್ಟ ಆರ್‌ಪಿಎಂಗೆ ಹೊಂದಿರುವುದರಿಂದ, ನಿಮ್ಮ ಪ್ರೊಪೆಲ್ಲರ್ ತಿರುಗುವ ಆರ್‌ಪಿಎಂಗೆ ಮಾಡದ ಪೈಪು ತಂದರೆ ನಷ್ಟವೇ. ಪೈಪಿನ ಸ್ಪ್ರಿಂಗ್ ಸಡಿಲವಾಗಿ ಕೀಲಿನಲ್ಲಿ ಹೊಗೆ ಸೋರುತ್ತಿದ್ದರೆ ಅದನ್ನು ಮಾತ್ರ ಸರಿಮಾಡಿಸಿ.

ಬಯಲುಹಕ್ಕಿ, ಹಾಸನ

ಮೇಷ್ಟ್ರ ಊಹೆ ಸರಿಯಾಯಿತು. ಕ್ಲಚ್ ಬದಿಯ ಆಯಿಲ್ ಸೀಲಿನಲ್ಲಿ ಗುಳ್ಳೆ ಎದ್ದಿತು. ಎರಡೂ ಸೀಲ್, ಡಯಾಫ್ರಂ, ರೀಡ್ ದಳಗಳನ್ನು ಬದಲಿಸಿ, ಪೋರ್ಟಿನ ಅಂಚಿನಲ್ಲಿ ಹೆಂಚಿನಂತೆ ಕಟ್ಟಿದ್ದ ಕಾರ್ಬನ್ ತೆಗೆದು, ಸೂಜಿಯನ್ನು ಮೊದಲಿಗಿಂತ ಕಾಲು ಸುತ್ತು ತೆರೆದಿಟ್ಟೆ. ಈಗ ಅದೇ ಹುಣಸೆಮರ, ಅದೇ ತಕ್ಕಡಿ, 30 ಡಿಗ್ರಿ: 62 ಕಿಲೊ, 7,650 ಆರ್‌ಪಿಎಂ. ಪೂರ್ತಿ ಥ್ರಾಟಲಿನಲ್ಲಿ ಹೆಡ್ಡಿನ ತಾಪ ಮೊದಲಿಗಿಂತ 18 ಡಿಗ್ರಿ ಕಡಿಮೆ ತೋರಿಸುತ್ತಿದೆ.

ರೆಕ್ಕೆಲೆಕ್ಕ, ಬೆಂಗಳೂರು

7,400ರಿಂದ 7,650ಕ್ಕೆ ಏರಿದ್ದರ ಘನ ತೆಗೆದರೆ ಶಕ್ತಿ ಶೇ 10ಕ್ಕಿಂತ ತುಸು ಹೆಚ್ಚಾಗಿದೆ. ಲೇತಿನಿಂದ ಇದರ ಕಾಲುಭಾಗವೂ ಸಿಗುತ್ತಿರಲಿಲ್ಲ. 64ರ ಲೆಕ್ಕಕ್ಕೆ ಇನ್ನು ಎರಡು ಕಿಲೊ ಮಾತ್ರ ಬಾಕಿ. ಅದನ್ನು ಎಂಜಿನ್ನಿನಲ್ಲಿ ಹುಡುಕಬೇಡಿ.

ನಿಮ್ಮ ಪಂಜರದಲ್ಲಿ ಜಾಗವಿದ್ದರೆ, ರಿಡಕ್ಷನ್ ಅನುಪಾತವನ್ನೂ ಅದಕ್ಕೆ ತಕ್ಕಂತೆ ಬದಲಿಸಿ, 130 ಸೆಂಟಿಮೀಟರ್ ಪ್ರೊಪೆಲ್ಲರ್ ಹಾಕಬಹುದು. ಅದೇ ಶಕ್ತಿಯಲ್ಲಿ ಶೇ 2.6ರಷ್ಟು ಥ್ರಸ್ಟ್ ಹೆಚ್ಚುತ್ತದೆ. ತುದಿಯ ವೇಗ ಇಳಿಯುವುದರಿಂದ ಸದ್ದೂ ಕಡಿಮೆಯಾಗುತ್ತದೆ, ಊರಿನವರ ದೂರೂ ಕಡಿಮೆಯಾಗುತ್ತದೆ. ಇದಕ್ಕಿಂತ ಅಗ್ಗದ ದಾರಿ ತೂಕ. ಹಾರಾಟದಲ್ಲಿ 50 ಕಿಲೊ ಥ್ರಸ್ಟ್, ರೆಕ್ಕೆಯ ಗ್ಲೈಡ್ ಅನುಪಾತ (ಎಂಜಿನ್ ಇಲ್ಲದೆ ಒಂದು ಮೀಟರ್ ಇಳಿಯುವಷ್ಟರಲ್ಲಿ ಮುಂದೆ ಸಾಗುವ ಮೀಟರ್) 6ರ ಆಸುಪಾಸು ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಒಟ್ಟು ತೂಕವನ್ನು 120ರಿಂದ 110ಕ್ಕೆ ಇಳಿಸಿದಾಗ ಸಿಗುವ ಏರಿಕೆಯ ಲಾಭ ಶಕ್ತಿಯನ್ನು ಶೇ 10ರಷ್ಟು ಹೆಚ್ಚಿಸಿದಷ್ಟೇ ಆಗುತ್ತದೆ. ಅರ್ಧ ಗಂಟೆಯ ಹಾರಾಟಕ್ಕೆ ಟ್ಯಾಂಕ್ ತುಂಬಿಸಿಕೊಂಡು ಹೋಗುವವರು ಇದನ್ನು ಗಮನಿಸಬೇಕು. ಊಟದ ವಿಷಯ ನಾನು ಎತ್ತುವುದಿಲ್ಲ.

ಹಳೇ ಯೆಜ್ಡಿ, ಮೈಸೂರು

ಎತ್ತದೆಯೇ ಎತ್ತಿಬಿಟ್ಟಿರಿ. ಹೆಡ್ಡಿನ ಬಗ್ಗೆ ನನ್ನ ಅಭಿಪ್ರಾಯ ಈಗಲೂ ಅದೇ. ಘಟ್ಟ ಇಳಿಯದವನಿಗೆ ಆ ಒಂದು ಕಿಲೊ ಪುಕ್ಕಟೆ.

ಬಯಲುಹಕ್ಕಿ, ಹಾಸನ

ನಾನು ಘಟ್ಟ ಇಳಿಯುವವನೇ ಆದ್ದರಿಂದ ಹೆಡ್ಡನ್ನು ಮುಟ್ಟಲಿಲ್ಲ. ಕಳೆದ ವಾರ ಶಿರಾಡಿ ಘಾಟಿ ಇಳಿದು ಕಡಲತೀರದವರನ್ನು ಕಂಡೆ. ಟೇಕ್ ಆಫ್ ಮಾಡುವ ಮೊದಲೇ ಅವರು ಸ್ಕ್ರೂಡ್ರೈವರ್ ಕೈಗಿತ್ತರು; ಸೂಜಿಯನ್ನು ಗೊರಗುಟ್ಟುವವರೆಗೆ ತೆರೆದು ಮತ್ತೆ ಹೊಂದಿಸಿದಾಗ ಹಾಸನದ ಗುರುತಿಗಿಂತ ಎಂಟನೇ ಒಂದು ಸುತ್ತು ಹೆಚ್ಚು ತೆರೆದಿತ್ತು. ಅವರ ಮನೆಯ ತೆಂಗಿನಮರಕ್ಕೆ ಕಟ್ಟಿ ತೂಗಿದೆವು. 69 ಕಿಲೊ. ಟ್ಯಾಕೊಮೀಟರ್ ರೆಕ್ಕೆಲೆಕ್ಕದವರು ಹೇಳಿದಂತೆಯೇ 7,650ರಲ್ಲಿ ನಿಂತಿತ್ತು, ಒಂದು ಗೆರೆಯೂ ಅತ್ತಿತ್ತ ಆಗಲಿಲ್ಲ.

ಮರಳಿ ಬಂದು ಸೂಜಿಯನ್ನು ಹಿಂದಕ್ಕೆ ತಿರುಗಿಸಲು ಮರೆತು ಹುಣಸೆಮರಕ್ಕೆ ಕಟ್ಟಿದ್ದೆ. ಎಂಜಿನ್ ಗೊರಗೊರ ಎನ್ನುತ್ತ ಹೊಗೆ ಕಾರಿತು, ತಕ್ಕಡಿ 60 ತೋರಿಸಿತು. ಈಗ ಎರಡು ಊರಿನ ಎರಡು ಗುರುತುಗಳನ್ನೂ ಕಾರ್ಬೊರೇಟರಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದಿಟ್ಟಿದ್ದೇನೆ.